ಕಾರಿನ ನೆತ್ತಿಯ ಮೇಲೊಂದು ಅಟ್ಟ

ಬೇಸಿಗೆ ರಜೆ ಬಂತೆಂದರೆ ಒಂದು ಕಾಲಕ್ಕೆ ಮಧ್ಯಮ ವರ್ಗದ ಮನೆಗಳ ಮುಂದೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತಿತ್ತು. ಬಾಡಿಗೆಗೆ ಹೇಳಿದ ಅಂಬಾಸಿಡರ್ ಕಾರು ಬೆಳಗಿನ ಜಾವವೇ ಬಂದು ನಿಂತಿರುತ್ತಿತ್ತು. ಡಿಕ್ಕಿ ತುಂಬಿ ಮುಚ್ಚಳ ಹಾಕಲಾಗದಂತಾದ ಮೇಲೂ ಅಂಗಳದಲ್ಲಿ ಎರಡು ಟ್ರಂಕು, ಒಂದು ಹೋಲ್ಡಾಲು, ಹಪ್ಪಳದ ಡಬ್ಬ ಉಳಿದೇ ಇರುತ್ತಿದ್ದವು. ಆಗ ಡ್ರೈವರ್ ಹಿಂಬಾಗಿಲು ತೆರೆದು, ಅದರ ಹೊಸ್ತಿಲ ಮೇಲೆ ಕಾಲಿಟ್ಟು ಏರಿ, 'ಮೇಲೆ ಕೊಡಿ ಸ್ವಾಮಿ' ಎನ್ನುತ್ತಿದ್ದ. ಉಳಿದದ್ದೆಲ್ಲ ಕಾರಿನ ತಲೆಯೇರಿ, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿಯಾಗಿ ಕುಳಿತುಬಿಡುತ್ತಿತ್ತು. ಧರ್ಮಸ್ಥಳವೋ ತಿರುಪತಿಯೋ ಶಬರಿಮಲೆಯೋ, ಪ್ರಯಾಣ ಅಲ್ಲಿಂದ ಆರಂಭ.

ಮನೆಗೆ ಅಟ್ಟವಿದ್ದಂತೆ ಕಾರಿಗೆ ಕ್ಯಾರಿಯರ್. ಮನೆಯೊಳಗೆ ಜಾಗವಿಲ್ಲದ್ದು ಅಟ್ಟ ಸೇರುವ ಹಾಗೆ, ಕಾರಿನೊಳಗೆ ಜಾಗವಿಲ್ಲದ್ದು ಕ್ಯಾರಿಯರ್ ಸೇರುತ್ತದೆ. ಅಂದಿನ ಕಾರುಗಳಿಗೆ ಅದನ್ನು ಕೂರಿಸಲು ಗ್ಯಾರೇಜಿಗೆ ಹೋಗಬೇಕಾಗಿರಲಿಲ್ಲ. ಒಂದು ಸ್ಪ್ಯಾನರ್, ಕೈಗೂಡಿಸಲು ಇನ್ನೊಬ್ಬರು, ಅರ್ಧ ಗಂಟೆ ಬಿಡುವು ಇದ್ದರೆ ಸಾಕಿತ್ತು. ಇಂದು ಅದೇ ಕೆಲಸಕ್ಕೆ ಹೊರಟವರು ಮೊದಲು ಕಾರಿನ ಕೈಪಿಡಿ ಓದಬೇಕು, ಆ ಮಾದರಿಗೆಂದೇ ತಯಾರಾದ ಹಿಡಿಕೆಗಳನ್ನು ಹುಡುಕಬೇಕು, ಕಾನೂನು ಏನೆನ್ನುತ್ತದೆಂದು ವಿಚಾರಿಸಬೇಕು. ಇಷ್ಟು ಸರಳವಾದ ವಸ್ತು ಇಷ್ಟು ತೊಡಕಿನದಾದದ್ದು ಹೇಗೆ? ಉತ್ತರ ಅಡಗಿರುವುದು ಕಾರಿನ ಅಂಚಿನಲ್ಲಿದ್ದು ಈಗ ಮಾಯವಾಗಿರುವ ಬೆರಳಗಲದ ಒಂದು ದೋಣಿಯಲ್ಲಿ.

ಸಾರೋಟಿನ ಕಾಲದಿಂದ

ವಾಹನದ ನೆತ್ತಿಯ ಮೇಲೆ ಹೊರೆ ಹೇರುವ ಪದ್ಧತಿ ಕಾರಿಗಿಂತ ಬಹಳ ಹಳೆಯದು. ಯೂರೋಪಿನ ಕುದುರೆ ಸಾರೋಟುಗಳ ಮೇಲೆ ಪೆಟ್ಟಿಗೆಗಳಿಗೂ ಕಡಿಮೆ ದರದ ಪ್ರಯಾಣಿಕರಿಗೂ ಜಾಗವಿರುತ್ತಿತ್ತು. ಛಾವಣಿಯ ಮೇಲಿಡುವ ದೊಡ್ಡ ಪೆಟ್ಟಿಗೆಗೆ 'ಇಂಪೀರಿಯಲ್' ಎಂಬ ಗಂಭೀರ ಹೆಸರೂ ಇತ್ತು. ಇಂಗ್ಲೆಂಡಿನಲ್ಲಿ 1784ರಲ್ಲಿ ಜಾನ್ ಪಾಮರ್ ಎಂಬಾತ ಬ್ರಿಸ್ಟಲ್ ಮತ್ತು ಲಂಡನ್ ನಡುವೆ ವೇಗದ ಟಪಾಲು ಗಾಡಿಯ ಏರ್ಪಾಡು ಮಾಡಿದ. ಸಾರೋಟುಗಳ ಮೇಲೆ ಭಾರ ಹೆಚ್ಚಿದಷ್ಟೂ ತಿರುವುಗಳಲ್ಲಿ ಅವು ಮಗುಚಿಕೊಳ್ಳುವ ಅಪಾಯ ಹೆಚ್ಚು. ಕೊನೆಗೆ 1788ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆಯನ್ನೇ ತಂದು, ಛಾವಣಿಯ ಮೇಲೆ ಆರು ಮಂದಿ, ಚಾಲಕನ ಪಕ್ಕದ ಪೆಟ್ಟಿಗೆಯ ಮೇಲೆ ಇಬ್ಬರು, ಇದಕ್ಕಿಂತ ಹೆಚ್ಚು ಜನ ಹೊರಗೆ ಕೂರಬಾರದೆಂದು ಮಿತಿ ಹಾಕಿತು. ತಲೆಭಾರ ಹೆಚ್ಚಾದರೆ ಗಾಡಿ ಮಗುಚುತ್ತದೆಂಬ ಪಾಠವನ್ನು ಕಾನೂನು ಕಲಿತು ಇನ್ನೂರು ವರ್ಷಗಳೇ ಕಳೆದಿವೆ.

ಕರ್ನಾಟಕದವರಿಗೆ ಈ ದೃಶ್ಯ ಪರಿಚಿತವಾದದ್ದು ಬಸ್ಸುಗಳಿಂದ. ಮೈಸೂರು ಸರಕಾರ 1948ರಲ್ಲಿ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಖಾಸಗಿಯಿರಲಿ ಸರಕಾರಿಯಿರಲಿ, ಬಸ್ಸಿನ ಹಿಂದೊಂದು ಏಣಿ, ಮೇಲೊಂದು ಕಟಕಟೆ ಇದ್ದೇ ಇರುತ್ತಿತ್ತು. ಬಾಳೆಗೊನೆ, ಸೈಕಲ್ಲು, ಹೊಸ ಸಂಸಾರದ ಮಂಚ, ಎಲ್ಲವೂ ಹೋಗುತ್ತಿದ್ದದ್ದು 'ಟಾಪ್ ಮೇಲೆ'. ಈ ಎರಡು ಪದಗಳು ಕನ್ನಡದ್ದೇ ಎಂಬಷ್ಟು ಹಳ್ಳಿಗಳಲ್ಲಿ ಬಳಕೆಯಾದವು. ಬಸ್ಸಿನ ಟಾಪ್ ಕಂಡವರಿಗೆ ಕಾರಿನ ಕ್ಯಾರಿಯರ್ ಹೊಸದೆನಿಸಲಿಲ್ಲ.

ದೋಣಿಯ ಮಹಿಮೆ

1950ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪೆನಿ ಅಂಬಾಸಿಡರ್ ತಯಾರಿಕೆ ಆರಂಭಿಸಿತು. ಅದರ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಇಟಲಿಯ ಫಿಯೆಟ್ 1100 ಮಾದರಿಯನ್ನು ತಯಾರಿಸಿತು. ಅದೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಪ್ರೀಮಿಯರ್ ಕಂಪೆನಿ ಕಟ್ಟಿದ ವಾಲಚಂದ್ ಹೀರಾಚಂದ್ ಅವರೇ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದವರು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಕಾರುಗಳು ವಿರಳವಾಗಿದ್ದ ಆ ದಶಕಗಳಲ್ಲಿ ಈ ಎರಡೇ ಮಾದರಿಗಳು ರಸ್ತೆಗಳನ್ನು ಆಳಿದವು.

ಎರಡಕ್ಕೂ ಒಂದು ಸಾಮ್ಯವಿತ್ತು. ಅಂದಿನ ತಂತ್ರಜ್ಞಾನದಲ್ಲಿ ಕಾರಿನ ಛಾವಣಿಯ ತಗಡನ್ನೂ ಪಕ್ಕದ ತಗಡುಗಳನ್ನೂ ಬೇರೆ ಬೇರೆಯಾಗಿ ಒತ್ತಿ ತಯಾರಿಸಿ, ಅವುಗಳ ಅಂಚುಗಳನ್ನು ಒಂದರ ಮೇಲೊಂದಿಟ್ಟು ಬೆಸುಗೆ ಹಾಕುತ್ತಿದ್ದರು. ಹೊರಚಾಚಿದ ಆ ಅಂಚನ್ನು ಮೇಲಕ್ಕೆ ಮಡಚಿದಾಗ ಬಾಗಿಲುಗಳ ನೆತ್ತಿಯುದ್ದಕ್ಕೂ ಒಂದು ಸಣ್ಣ ದೋಣಿ ಉಂಟಾಗುತ್ತಿತ್ತು. ಹೆಂಚಿನ ಮನೆಯ ಸೂರಿಗೆ ಕಟ್ಟಿದ ತಗಡಿನ ದೋಣಿಯಂತೆ ಇದು ಮಳೆನೀರನ್ನು ಹಿಡಿದು ಹಿಂದಕ್ಕೆ ಮುಂದಕ್ಕೆ ಹರಿಸುತ್ತಿತ್ತು. ಮಳೆಯಲ್ಲಿ ಬಾಗಿಲು ತೆರೆದವರ ತೊಡೆಯ ಮೇಲೆ ನೀರು ಸುರಿಯುತ್ತಿರಲಿಲ್ಲ.

ನೀರಿಗಾಗಿ ಮಾಡಿದ ಈ ದೋಣಿಯೇ ಭಾರ ಹೊರುವ ಆಧಾರವೂ ಆಯಿತು. ಛಾವಣಿಯ ನಡುವಿನ ತಗಡು ತೆಳುವಾದದ್ದು. ಅಂಗೈಯಿಂದ ಒತ್ತಿದರೂ ತಗ್ಗುತ್ತದೆ. ಆದರೆ ಅಂಚಿನಲ್ಲಿ ಒಂದಕ್ಕಿಂತ ಹೆಚ್ಚು ಪದರ ತಗಡು ಸೇರಿ ಬೆಸುಗೆಯಾಗಿರುವುದರಿಂದ ಅಲ್ಲಿ ಬಲ ಹೆಚ್ಚು. ಅಲ್ಲಿ ಬಿದ್ದ ಭಾರ ಬಾಗಿಲುಗಳ ನಡುವಣ ಕಂಬಗಳ ಮೂಲಕ ಕಾರಿನ ಒಡಲಿಗೆ ಇಳಿಯುತ್ತದೆ. ಮನೆಯ ತೊಲೆಯ ಭಾರ ಗೋಡೆಗೆ ಇಳಿದಂತೆ.

ಸ್ಪ್ಯಾನರ್ ಹಿಡಿದರೆ ಸಾಕಿತ್ತು

ಕ್ಯಾರಿಯರ್ ತಯಾರಿಸಲು ಊರಿನ ವೆಲ್ಡಿಂಗ್ ಅಂಗಡಿಯೇ ಕಾರ್ಖಾನೆ. ಕಬ್ಬಿಣದ ಪೈಪು ಮತ್ತು ಪಟ್ಟಿಗಳ ಒಂದು ಚೌಕಟ್ಟು, ಸುತ್ತ ಗೇಣುದ್ದದ ಕಟಕಟೆ, ಕೆಳಗೆ ನಾಲ್ಕು ಅಥವಾ ಆರು ಕಾಲು. ಪ್ರತಿ ಕಾಲಿನ ಪಾದವೂ ದೋಣಿಯೊಳಗೆ ಕೂರುತ್ತಿತ್ತು. ದೋಣಿಯ ಅಡಿಯಿಂದ ಕೊಕ್ಕೆಯಂಥ ಪಟ್ಟಿಯೊಂದು ಬಂದು ಅದನ್ನು ತಬ್ಬಿಕೊಳ್ಳುತ್ತಿತ್ತು. ಬೋಲ್ಟ್ ಬಿಗಿದರೆ ಪಾದ ಮತ್ತು ಕೊಕ್ಕೆಯ ನಡುವೆ ದೋಣಿಯ ಅಂಚು ಇಕ್ಕಳದಲ್ಲಿ ಸಿಕ್ಕಂತೆ ಸಿಕ್ಕಿಕೊಳ್ಳುತ್ತಿತ್ತು. ಕಾರಿಗೆ ಒಂದು ತೂತು ಕೊರೆಯಬೇಕಾಗಿರಲಿಲ್ಲ.

ಆದರೂ ಅನುಭವಸ್ಥರ ಕೈಗೂ ಹೊಸಬರ ಕೈಗೂ ವ್ಯತ್ಯಾಸವಿತ್ತು. ಬಲ್ಲವರು ಪಾದದ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಡುತ್ತಿದ್ದರು. ಬಣ್ಣ ಕೆತ್ತಿಹೋದರೆ ನೀರು ನಿಲ್ಲುವ ಆ ಜಾಗದಲ್ಲಿ ತುಕ್ಕು ಹತ್ತುವುದು ಖಚಿತ. ಒಂದೇ ಕಡೆಯ ಬೋಲ್ಟುಗಳನ್ನು ಪೂರ್ತಿ ಬಿಗಿದು ಮತ್ತೊಂದು ಕಡೆಗೆ ಹೋದರೆ ಚೌಕಟ್ಟು ಓರೆಯಾಗುತ್ತದೆ. ಹಾಗಾಗಿ ಎದುರುಬದುರಿನ ಕಾಲುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರುವುದು ಪದ್ಧತಿ. ಹತ್ತಿಪ್ಪತ್ತು ಕಿಲೋಮೀಟರ್ ಹೋದ ಮೇಲೆ ಕಾಫಿಗೆ ನಿಲ್ಲಿಸಿದಾಗ ಡ್ರೈವರ್ ಮೊದಲು ಮಾಡುತ್ತಿದ್ದ ಕೆಲಸ ಕ್ಯಾರಿಯರನ್ನು ಅಲುಗಾಡಿಸಿ ನೋಡುವುದು. ರಸ್ತೆಯ ಕುಲುಕಾಟಕ್ಕೆ ಬೋಲ್ಟು ಸಡಿಲವಾಗುತ್ತದೆ, ಹಗ್ಗ ಸೊರಗುತ್ತದೆ. ಭಾರದ ಪೆಟ್ಟಿಗೆ ಅಡಿಗೆ, ಹಗುರವಾದ ಹಾಸಿಗೆ ಮೇಲಕ್ಕೆ, ಅದರ ಮೇಲೆ ಟಾರ್ಪಾಲಿನ್ ಎಂಬ ಕ್ರಮವೂ ಹಾಗೆಯೇ ಅನುಭವದಿಂದ ಬಂದದ್ದು.

ಇದೇ ವೇಳೆಗೆ ಶ್ರೀಮಂತ ದೇಶಗಳಲ್ಲಿ ಕ್ಯಾರಿಯರ್ ಒಂದು ಉದ್ಯಮವಾಗಿ ಬೆಳೆಯಿತು. ಸ್ವೀಡನ್ನಿನ ಹಿಲ್ಲರ್ಸ್‌ಟಾರ್ಪ್ ಎಂಬಲ್ಲಿ 1942ರಲ್ಲಿ ಎರಿಕ್ ಥುಲಿನ್ ಆರಂಭಿಸಿದ ಥುಲೆ ಸಂಸ್ಥೆ ಮೊದಲು ಮಾರುತ್ತಿದ್ದದ್ದು ಮೀನು ಹಿಡಿಯುವ ಬೋನು. 1960ರ ದಶಕದ ಆರಂಭದಲ್ಲಿ ಅದು ಕಾರಿನ ಕ್ಯಾರಿಯರ್‌ಗೆ ಕೈಹಾಕಿ ಮುಂದೆ ಜಗತ್ಪ್ರಸಿದ್ಧವಾಯಿತು. ಅಲ್ಲಿನವರು ಹೇರುತ್ತಿದ್ದದ್ದು ಹಿಮದ ಮೇಲೆ ಜಾರುವ ಹಲಗೆ, ದೋಣಿ, ಸೈಕಲ್ಲು. ಅಲ್ಲಿ ಅದು ವಿಹಾರದ ಗುರುತು, ಇಲ್ಲಿ ಸಂಸಾರದ ಗುರುತು.

ದೋಣಿ ಮಾಯವಾಯಿತು

1970ರ ದಶಕದ ತೈಲ ಬಿಕ್ಕಟ್ಟು ಕಾರು ವಿನ್ಯಾಸಕಾರರ ಕಣ್ಣು ತೆರೆಸಿತು. ಪೆಟ್ರೋಲ್ ಉಳಿಸಬೇಕಾದರೆ ಕಾರು ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗಬೇಕು. ಹೊರಚಾಚಿದ ದೋಣಿ ಗಾಳಿಗೆ ಅಡ್ಡಿಯೂ ಹೌದು, ಶಿಳ್ಳೆಯಂಥ ಸದ್ದಿನ ಮೂಲವೂ ಹೌದು. ಜರ್ಮನಿಯಲ್ಲಿ 1982ರಲ್ಲಿ ಬಂದ ಆಡಿ 100 ಕಾರು ಕಿಟಕಿಯ ಗಾಜುಗಳೂ ಒಡಲಿಗೆ ಸಮವಾಗಿರುವಂಥ ನುಣುಪಿನಿಂದ ಹೆಸರಾಯಿತು. ಕ್ರಮೇಣ ಎಲ್ಲ ತಯಾರಕರೂ ಅದೇ ಹಾದಿ ಹಿಡಿದರು. ಬೆಸುಗೆಯ ಜಾಗ ಛಾವಣಿಯ ಮೇಲಿನ ಒಂದು ಕಿರಿದಾದ ಕಾಲುವೆಯೊಳಗೆ ಅಡಗಿತು. ನೀರು ತಡೆಯುವ ಕೆಲಸವನ್ನು ಬಾಗಿಲಿನ ರಬ್ಬರ್ ವಹಿಸಿಕೊಂಡಿತು.

ಕಾರು ಸುಂದರವಾಯಿತು, ಕ್ಯಾರಿಯರ್ ಅನಾಥವಾಯಿತು. ಕೊಕ್ಕೆ ಹಾಕಲು ಅಂಚೇ ಇಲ್ಲ. ಈಗಿನ ಕ್ಯಾರಿಯರ್ ಪಾದಗಳು ಬಾಗಿಲಿನ ಚೌಕಟ್ಟಿನ ಒಳಅಂಚನ್ನು ಹಿಡಿಯುತ್ತವೆ, ಇಲ್ಲವೆ ತಯಾರಕರೇ ಬಿಟ್ಟಿರುವ ಬೋಲ್ಟ್ ಜಾಗಗಳಿಗೆ ಬಿಗಿಯಲ್ಪಡುತ್ತವೆ, ಇಲ್ಲವೆ ಛಾವಣಿಯುದ್ದದ ಕಂಬಿಗಳನ್ನು ಹಿಡಿಯುತ್ತವೆ. ಪ್ರತಿ ಕಾರಿನ ಬಾಗುವಿಕೆ ಬೇರೆಯಾದ್ದರಿಂದ ಒಂದಕ್ಕೆ ಹೊಂದುವ ಹಿಡಿಕೆ ಇನ್ನೊಂದಕ್ಕೆ ಹೊಂದದು.

ಇಲ್ಲೊಂದು ಮೋಸವೂ ಇದೆ. ಇಂದಿನ ಅನೇಕ ಕಾರುಗಳ ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಎರಡು ಕಂಬಿಗಳಿರುತ್ತವೆ. ಅವುಗಳಲ್ಲಿ ಕೆಲವು ಬರೀ ಅಲಂಕಾರ. ಭಾರ ಹೊರಲೆಂದು ಮಾಡಿದವಲ್ಲ. ಅವಕ್ಕೆ ಹಗ್ಗ ಬಿಗಿದು ಟ್ರಂಕು ಕಟ್ಟುವುದು ಚಿತ್ರದ ಗೂಟಕ್ಕೆ ಎಮ್ಮೆ ಕಟ್ಟಿದಂತೆ. ಯಾವುದು ಯಾವುದೆಂದು ಹೇಳುವುದು ಕಾರಿನ ಕೈಪಿಡಿ ಮಾತ್ರ. ಛಾವಣಿ ಎಷ್ಟು ಭಾರ ತಡೆಯುತ್ತದೆಂಬುದೂ ಅದರಲ್ಲೇ ಇರುತ್ತದೆ. ಅನೇಕ ಸಾಮಾನ್ಯ ಕಾರುಗಳಲ್ಲಿ ಇದು 50ರಿಂದ 75 ಕೆ.ಜಿ. ಕ್ಯಾರಿಯರ್‌ನ ಸ್ವಂತ ತೂಕವೂ ಅದರಲ್ಲೇ ಸೇರಬೇಕು ಎಂಬುದನ್ನು ಮರೆಯುವವರೇ ಹೆಚ್ಚು.

ಗಾಳಿಯ ಲೆಕ್ಕ

ಅಂಬಾಸಿಡರ್ ಕಾಲದ ರಸ್ತೆಗಳಲ್ಲಿ ಗಂಟೆಗೆ 50 ಕಿಲೋಮೀಟರ್ ಹೋದರೆ ಅದೇ ದೊಡ್ಡ ವೇಗ. ಇಂದಿನ ಹೆದ್ದಾರಿಯಲ್ಲಿ 100 ಸಾಮಾನ್ಯ. ವೇಗ ಎರಡರಷ್ಟಾದರೆ ಗಾಳಿಯ ಎದುರೊತ್ತು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೇಲೆ ಹಾಸಿಗೆಯನ್ನೋ ಪ್ಲೈವುಡ್ ಹಲಗೆಯನ್ನೋ ಕಟ್ಟಿದ್ದರೆ ಅದರ ಅಡಿಗೆ ನುಗ್ಗುವ ಗಾಳಿ ಅದನ್ನು ಮೇಲಕ್ಕೆತ್ತಲು ನೋಡುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ 40 ಕೆ.ಜಿ. ಗಂಟು ಸುಮಾರು 30 ಕೆ.ಜಿ. ಭಾರದಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ. ಹಗ್ಗ ಹರಿದರೆ ಅದು ಬೀಳುವುದು ಬೇರೆಯವರ ಮೇಲೆ. ಹಿಂದೆ ಬರುವ ಬೈಕ್ ಸವಾರನಿಗೆ ತಪ್ಪಿಸಿಕೊಳ್ಳಲು ಕ್ಷಣವೂ ಸಿಗದು.

ಪೆಟ್ರೋಲಿನ ಲೆಕ್ಕವೂ ಕಡಿಮೆಯದಲ್ಲ. ಛಾವಣಿಯ ಮೇಲಿನ ದೊಡ್ಡ ಪೆಟ್ಟಿಗೆ ನಗರದಲ್ಲಿ ಮೈಲೇಜನ್ನು ಶೇ. 2ರಿಂದ 8, ಹೆದ್ದಾರಿಯಲ್ಲಿ ಶೇ. 6ರಿಂದ 17ರಷ್ಟು ತಗ್ಗಿಸಬಲ್ಲುದು ಎಂದು ಅಮೆರಿಕ ಸರಕಾರದ ಇಂಧನ ಮಾಹಿತಿ ಹೇಳುತ್ತದೆ. ವೇಗ 105ರಿಂದ 120 ಕಿಲೋಮೀಟರ್ ಆದರೆ ನಷ್ಟ ಶೇ. 10ರಿಂದ 25. ಅಲ್ಲಿನ ಸಂಶೋಧಕರಾದ ಯೂಚೆ ಚೆನ್ ಮತ್ತು ಅಲನ್ ಮೈಯರ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕ್ಯಾರಿಯರ್‌ಗಳಿಂದಾಗಿ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 10 ಕೋಟಿ ಗ್ಯಾಲನ್, ಅಂದರೆ 38 ಕೋಟಿ ಲೀಟರ್ ಪೆಟ್ರೋಲ್ ಹೆಚ್ಚುವರಿಯಾಗಿ ಉರಿಯುತ್ತದೆ. ಖಾಲಿ ಕ್ಯಾರಿಯರ್ ಹೊತ್ತು ತಿರುಗುವ ಕಾರುಗಳ ಪಾಲು ಅದರಲ್ಲಿ ದೊಡ್ಡದು. ಊರಿಂದ ಮರಳಿದ ಮೇಲೆ ಬಿಚ್ಚಿಡುವ ಹಳೆಯ ಅಭ್ಯಾಸ ಎಷ್ಟು ಸರಿಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಕಾನೂನಿನ ಕಣ್ಣು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಸ್ವರೂಪವನ್ನು ಬದಲಿಸುವುದಕ್ಕೆ ಸಂಬಂಧಿಸಿದ್ದು. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಹೇರಿದ ಸರಕು ವಾಹನದ ಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಅಥವಾ ಎತ್ತರಕ್ಕೆ ಮಿತಿಮೀರಿ ಚಾಚಿದ್ದರೆ 20,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಆದ್ದರಿಂದ ಕಂಪೆನಿಯೇ ಆ ಮಾದರಿಗೆ ಸೂಚಿಸಿದ ಕ್ಯಾರಿಯರನ್ನು ಆರಿಸುವುದು, ಕೂರಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಇನ್ನೂರು ವರ್ಷಗಳ ಹಿಂದೆ ಸಾರೋಟಿನ ತಲೆಭಾರವನ್ನು ಎಣಿಸಿದ ಕಾನೂನು ಈಗಲೂ ಅದನ್ನೇ ಎಣಿಸುತ್ತಿದೆ.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ, ಇಪ್ಪತ್ತು ವರ್ಷದ ಆಯುಷ್ಯ ಮುಗಿಸಿ ರಸ್ತೆಯಿಂದ ಇಳಿಯಿತು. ಬದುಕು ಅರಸಿ ಆ ನಗರ ಸೇರಿದ ಕರಾವಳಿಯ ಕನ್ನಡಿಗರಿಗೆ ಆ ಕಪ್ಪು-ಹಳದಿ ಟ್ಯಾಕ್ಸಿಯ ಕ್ಯಾರಿಯರ್ ಊರಿನ ದಾರಿಯ ಮೊದಲ ಮೆಟ್ಟಿಲಾಗಿತ್ತು. ರಜೆಗೆ ಹೊರಟಾಗ ಬಟ್ಟೆಯ ಪೆಟ್ಟಿಗೆ ಅದರ ಮೇಲೆ ಏರುತ್ತಿತ್ತು. ಮರಳುವಾಗ ಅದೇ ಜಾಗದಲ್ಲಿ ಅಮ್ಮ ಕಟ್ಟಿಕೊಟ್ಟ ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನ ಹಪ್ಪಳದ ಗಂಟು ಇರುತ್ತಿತ್ತು.

ಆ ದೋಣಿ ಇನ್ನು ಮರಳಿ ಬಾರದು. ಆದರೆ ಅಂದಿನ ಡ್ರೈವರ್‌ಗಳ ಎಚ್ಚರಕ್ಕೆ ಬೆಲೆ ಕಡಿಮೆಯಾಗಿಲ್ಲ. ಕಾರು ಯಾವುದೇ ಇರಲಿ, ಎದುರುಬದುರಾಗಿ ಬಿಗಿಯಬೇಕು, ಭಾರವಾದದ್ದನ್ನು ಅಡಿಗಿಡಬೇಕು, ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಬೇಕು.