ಹಾಜರಿ ಪುಸ್ತಕದಿಂದ ಹೆಸರು ಹೋದ ಮೇಲೆ

2002ರ ಏಪ್ರಿಲ್ 26, ಶುಕ್ರವಾರ. ಜರ್ಮನಿಯ ಥುರಿಂಗಿಯಾ ರಾಜ್ಯದ ರಾಜಧಾನಿ ಎರ್ಫುರ್ಟ್ ನಗರದಲ್ಲಿ 19 ವರ್ಷದ ತರುಣನೊಬ್ಬ ಪರೀಕ್ಷೆಗೆ ಹೋಗಿಬರುತ್ತೇನೆಂದು ಹೇಳಿ ಮನೆಯಿಂದ ಹೊರಟ. ಅಂದು ಗುಟೆನ್‌ಬರ್ಗ್ ಗಿಮ್ನಾಜಿಯಂ ಎಂಬ ಶಾಲೆಯಲ್ಲಿ ಅಂತಿಮ ವರ್ಷದ ಆಬಿಟೂರ್ ಪರೀಕ್ಷೆಯ ಗಣಿತ ಪತ್ರಿಕೆ ಇದ್ದುದು ನಿಜ. ಆದರೆ ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತಂದುಕೊಟ್ಟನೆಂಬ ಕಾರಣಕ್ಕೆ ಹಿಂದಿನ ಅಕ್ಟೋಬರಿನಲ್ಲೇ ಅವನನ್ನು ಹೊರಹಾಕಲಾಗಿತ್ತು. ಬಂದೂಕು ಹಿಡಿದು ಹಳೆಯ ಶಾಲೆಯನ್ನು ಹೊಕ್ಕವನು 12 ಮಂದಿ ಅಧ್ಯಾಪಕರನ್ನು, ಕಚೇರಿಯ ಕಾರ್ಯದರ್ಶಿಯನ್ನು, ಇಬ್ಬರು ವಿದ್ಯಾರ್ಥಿಗಳನ್ನು, ಒಬ್ಬ ಪೊಲೀಸನನ್ನು, ಹೀಗೆ 16 ಜನರನ್ನು ಕೊಂದು, ಕೊನೆಗೆ ತನ್ನನ್ನೂ ಕೊಂದುಕೊಂಡ.

ಇಂಥ ಘಟನೆಯ ಮುಂದೆ ‘ಶಾಲೆಗೂ ಹೊಣೆಯಿದೆಯೆ?’ ಎಂದು ಕೇಳುವುದೇ ಕ್ರೂರವೆನಿಸಬಹುದು. ಸತ್ತವರಲ್ಲಿ ಹೆಚ್ಚಿನವರು ಪಾಠ ಹೇಳಲು ಬಂದವರು. ಶಾಲೆಯಿಂದ ಹೊರಬಿದ್ದ ಅಸಂಖ್ಯ ಮಕ್ಕಳು ಯಾರ ಕೂದಲನ್ನೂ ಕೊಂಕಿಸದೆ ಬಾಳಿದ್ದಾರೆ. ಕೊಲೆಯ ಅಪರಾಧ ಕೊಂದವನದೇ. ಅದನ್ನು ಹಂಚಿಕೊಡಲು ಬರುವುದಿಲ್ಲ. ಆದರೂ ಆ ರಾಜ್ಯ ಈ ಪ್ರಶ್ನೆಯನ್ನು ಬದಿಗಿಡಲಿಲ್ಲ. ಅಪರಾಧ ಬೇರೆ, ಹೊಣೆ ಬೇರೆ ಎಂಬ ತಿಳಿವಳಿಕೆ ಅಲ್ಲಿ ನಿಧಾನವಾಗಿ ಮೂಡಿದ ಬಗೆಯನ್ನು ಗಮನಿಸಬೇಕು.

ಜರ್ಮನಿಯಲ್ಲಿ ಶಿಕ್ಷಣ ಆಯಾ ರಾಜ್ಯದ ವಿಷಯ. ವಿಶ್ವವಿದ್ಯಾಲಯಕ್ಕೆ ಹೋಗಬಯಸುವವರು ಗಿಮ್ನಾಜಿಯಂ ಸೇರಿ ಆಬಿಟೂರ್‌ವರೆಗೆ ಓದುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಗಿಮ್ನಾಜಿಯಂನ ಹತ್ತನೆಯ ತರಗತಿ ದಾಟಿದವರಿಗೆ ಒಂದು ಮಧ್ಯಮ ಹಂತದ ಅರ್ಹತೆ ತಾನಾಗಿಯೇ ಸಿಗುತ್ತಿತ್ತು. ಥುರಿಂಗಿಯಾದಲ್ಲಿ ಹಾಗಿರಲಿಲ್ಲ. ಆಬಿಟೂರ್ ಗೆದ್ದರೆ ಎಲ್ಲವೂ ಉಂಟು. ಇಲ್ಲವಾದರೆ ಹನ್ನೊಂದು ಹನ್ನೆರಡು ವರ್ಷ ಓದಿದವನ ಕೈಯಲ್ಲೂ ಒಂದು ಕಾಗದವಿಲ್ಲ. ಬೇಕಿದ್ದರೆ ಹೊರಗಿನ ಅಭ್ಯರ್ಥಿಯಾಗಿ ಬೇರೆ ಶಾಲೆಯಲ್ಲಿ ಪರೀಕ್ಷೆಗೆ ಕೂರಬೇಕಿತ್ತು. ಪಿಯುಸಿಯಲ್ಲಿ ನಪಾಸಾದವನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಕಿತ್ತುಕೊಂಡಂತೆ ಎಂದರೆ ನಮಗೆ ಅದರ ತೀವ್ರತೆ ಹೊಳೆದೀತು. ಹತ್ತನೆಯ ತರಗತಿಯ ಆ ಒಂದು ಹಾಳೆಯ ಬಲದಿಂದ ನೌಕರಿ ಹಿಡಿದು ಸಂಸಾರ ಸಾಗಿಸಿದವರು ನಮ್ಮ ಮನೆತನಗಳಲ್ಲಿ ಎಷ್ಟು ಮಂದಿಯಿಲ್ಲ!

ಇನ್ನೊಂದು ಸಂಗತಿ. ಹದಿನೆಂಟು ತುಂಬಿದವನು ಕಾನೂನಿನ ದೃಷ್ಟಿಯಲ್ಲಿ ವಯಸ್ಕ. ಆದ್ದರಿಂದ ಅವನನ್ನು ಹೊರಹಾಕಿದ ಸುದ್ದಿಯನ್ನು ಶಾಲೆ ತಂದೆತಾಯಿಗೆ ತಿಳಿಸಲಿಲ್ಲ. ಆರು ತಿಂಗಳಿಗೂ ಮೀರಿ ಅವನು ಶಾಲೆಗೆ ಹೋಗುವವನಂತೆ ನಟಿಸುತ್ತ ಬಂದ. ಮನೆಯವರ ಪಾಲಿಗೆ ಅವನು ವಿದ್ಯಾರ್ಥಿ. ಶಾಲೆಯ ಪಾಲಿಗೆ ಮುಗಿದ ಅಧ್ಯಾಯ. ಬಂದೂಕು ಸಂಘವೊಂದರ ಸದಸ್ಯತ್ವದಿಂದಾಗಿ ಅವನ ಬಳಿಯ ಪಿಸ್ತೂಲಿಗೆ ಪರವಾನಗಿಯೂ ದೊರೆತಿತ್ತು. ಆ ಹುಡುಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಕೇಳಬೇಕಾದವರು ಯಾರೆಂಬುದು ಯಾವ ನಿಯಮದಲ್ಲೂ ಬರೆದಿರಲಿಲ್ಲ.

ನಾನು ಇಪ್ಪತ್ತು ವರ್ಷಗಳಿಂದ ಸರ್ಕಾರಿ ಕಡತಗಳ ನಡುವೆ ಬದುಕುತ್ತಿರುವವನು. ತೊಡಕಿನ ಕಡತವೊಂದು ವಿಲೇವಾರಿಯಾದಾಗ ಸಿಗುವ ನೆಮ್ಮದಿಯನ್ನು ಬಲ್ಲೆ. ಆ ನೆಮ್ಮದಿಯನ್ನು ಮೊದಲು ಕಂಡದ್ದು ನನ್ನ ಪ್ರೌಢಶಾಲೆಯಲ್ಲಿ. ಒಂಬತ್ತನೆಯ ತರಗತಿಯ ಸಹಪಾಠಿಯೊಬ್ಬ ಮೇಷ್ಟರ ಮೇಲೆ ಕೈಯೆತ್ತಿದ. ಮಾರನೆಯ ದಿನ ಅವನ ತಂದೆಯನ್ನು ಕರೆಸಿ ಟಿ.ಸಿ. ಕೊಟ್ಟು ಕಳಿಸಿದರು. ಅದರಲ್ಲಿ ‘ನಡತೆ’ ಎಂಬುದರ ಎದುರಿಗೆ ‘ತೃಪ್ತಿಕರ’ ಎಂದು ಬರೆದಿತ್ತು. ಹುಡುಗನ ಭವಿಷ್ಯ ಕೆಡದಿರಲಿ ಎಂಬ ಕರುಣೆ ಅದರಲ್ಲಿ ಇದ್ದಿರಬಹುದು; ಬೇಗ ತೊಲಗಲಿ ಎಂಬ ಆತುರವಂತೂ ಇತ್ತು. ಮುಂದಿನ ಶಾಲೆಗೆ ಅವನ ಕಷ್ಟದ ಸುಳಿವೇ ಸಿಗದಂತೆ ಆ ಒಂದು ಪದ ನೋಡಿಕೊಂಡಿತು. ಅವನು ಮುಂದೆ ಏನಾದನೆಂದು ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ. ನಾನೂ ವಿಚಾರಿಸಲಿಲ್ಲ.

ಎರ್ಫುರ್ಟ್‌ನಲ್ಲಿ ವಿಚಾರಿಸಿದವರಲ್ಲಿ ಅದೇ ಶಾಲೆಯ ಮಕ್ಕಳಿದ್ದರು. ಗೆಳೆಯರನ್ನೂ ಗುರುಗಳನ್ನೂ ಕಳೆದುಕೊಂಡವರು ‘ಬದಲಾವಣೆಗಾಗಿ ಕೂಗು’ ಎಂಬ ಹೆಸರಿನಲ್ಲಿ ಒಟ್ಟಾಗಿ ಶಾಲಾ ವ್ಯವಸ್ಥೆಯ ಸುಧಾರಣೆಗೆ ಒತ್ತಾಯಿಸಿದರು. ಮೇ 3ರ ಶ್ರದ್ಧಾಂಜಲಿ ಸಭೆಯಲ್ಲಿ ರಾಷ್ಟ್ರಾಧ್ಯಕ್ಷ ಯೊಹಾನೆಸ್ ರಾವ್ ಅವರು ಕೊಂದವನ ಕುಟುಂಬದ ದುಃಖವನ್ನೂ ನೆನೆದರು. ಮುಂದೆ ಥುರಿಂಗಿಯಾ ತನ್ನ ಶಾಲಾ ಕಾನೂನನ್ನು ತಿದ್ದಿ, ಗಿಮ್ನಾಜಿಯಂನ ಹತ್ತನೆಯ ತರಗತಿಯಲ್ಲಿ ಪರೀಕ್ಷೆಯೊಂದನ್ನಿಟ್ಟು ಮಧ್ಯಮ ಹಂತದ ಅರ್ಹತೆ ದೊರೆಯುವಂತೆ ಮಾಡಿತು. ವಯಸ್ಕ ವಿದ್ಯಾರ್ಥಿಯನ್ನು ಹೊರಹಾಕುವಂಥ ಗಂಭೀರ ಸಂಗತಿಗಳನ್ನು ತಂದೆತಾಯಿಗೆ ತಿಳಿಸಲು ಹಲವು ರಾಜ್ಯಗಳು ಅವಕಾಶ ಕಲ್ಪಿಸಿದವು. ದೊಡ್ಡ ಗುಂಡಿನ ಕ್ರೀಡಾ ಬಂದೂಕು ಹೊಂದುವ ವಯಸ್ಸು 18ರಿಂದ 21ಕ್ಕೆ ಏರಿತು. ಯಾವ ಅಧ್ಯಾಪಕರನ್ನೂ ಕಟಕಟೆಗೆ ನಿಲ್ಲಿಸದೆಯೇ ವ್ಯವಸ್ಥೆ ತನ್ನ ಪಾಲಿನ ಹೊಣೆಯನ್ನು ಒಪ್ಪಿಕೊಂಡ ರೀತಿಯಿದು.

ಇಷ್ಟರಿಂದ ಎಲ್ಲವೂ ಸರಿಹೋಯಿತೆನ್ನಲಾಗದು. 2009ರ ಮಾರ್ಚ್ 11ರಂದು ವಿನ್ನೆಂಡೆನ್‌ನಲ್ಲಿ 17 ವರ್ಷದ ಹುಡುಗನೊಬ್ಬ ತಾನು ಓದಿದ ಶಾಲೆಯಲ್ಲಿ ಆರಂಭಿಸಿ 15 ಜನರನ್ನು ಕೊಂದ. ಅವನನ್ನು ಯಾರೂ ಹೊರಹಾಕಿರಲಿಲ್ಲ. ಹಿಂದಿನ ವರ್ಷವಷ್ಟೇ ಆ ಶಾಲೆಯ ಓದು ಮುಗಿಸಿ ಹೋಗಿದ್ದ. ಅಲ್ಲಿ ನ್ಯಾಯಾಲಯ ತಪ್ಪಿತಸ್ಥನೆಂದದ್ದು ಪಿಸ್ತೂಲನ್ನು ಭದ್ರವಾಗಿಡದ ತಂದೆಯನ್ನು. ಹಳೆಯ ವಿದ್ಯಾರ್ಥಿಯ ಪ್ರತಿಯೊಂದು ಕೃತ್ಯವೂ ಶಾಲೆಯ ಬಾಗಿಲಿಗೇ ಬಂದು ನಿಲ್ಲುವುದಿಲ್ಲ. ಹುಡುಗನ ಮನಸ್ಸಿನಲ್ಲಿ ಇದ್ದುದಕ್ಕೆಲ್ಲ ಶಾಲೆ ಉತ್ತರ ಕೊಡಲಾರದು. ತಾನು ಮಾಡಿದ್ದಕ್ಕೆ, ಮಾಡದೆ ಬಿಟ್ಟದ್ದಕ್ಕೆ ಕೊಡಬಲ್ಲದು, ಕೊಡಲೂ ಬೇಕು.

ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಎಂದರೆ ಎಂಟನೆಯ ತರಗತಿಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹುಡುಗರು ಒಳಗೊಳಗೇ ಕುದಿಯತೊಡಗುವುದು ಆ ವಯಸ್ಸಿನ ಆಚೆಗೆ. ನೂರಕ್ಕೆ ನೂರು ಫಲಿತಾಂಶದ ಆಸೆಗೆ ಬಿದ್ದ ಶಾಲೆ ಟಿ.ಸಿ. ಒಯ್ಯಿರಿ ಎಂದು ಸೂಚಿಸುವುದೂ ಆಗಲೇ. ನಮ್ಮಂತೆ ಊರಿಂದೂರಿಗೆ ವರ್ಗವಾಗುವವರ ಮಕ್ಕಳಿಗೆ ಟಿ.ಸಿ. ಹೊಸದಲ್ಲ. ಕಳೆದ ಬೇಸಗೆಯಲ್ಲಿ ಮಗಳ ಟಿ.ಸಿ. ತರಲು ಹೋದಾಗ ‘ನಡತೆ’ ಎಂಬಲ್ಲಿ ಏನು ಬರೆದಿದ್ದಾರೆಂದು ಮೊದಲು ನೋಡಿದೆ. ‘ತೃಪ್ತಿಕರ’ ಎಂದೇ ಇತ್ತು. ಮಗಳ ಮಟ್ಟಿಗೆ ಅದು ನಿಜವೇ. ಆದರೂ ಆ ಪದ ಓದುತ್ತಿದ್ದಂತೆ ನನಗೆ ನೆನಪಾದದ್ದು ಅಂದು ತಂದೆಯ ಹಿಂದೆ ತಲೆತಗ್ಗಿಸಿ ಗೇಟು ದಾಟಿದ ಆ ಸಹಪಾಠಿ.