ಸ್ವತಂತ್ರ ನಿರ್ದೇಶಕರು

ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದೂ ದಿನನಿತ್ಯದ ಆಡಳಿತದ ಹೊಣೆ ಹೊರದವರು ಕಾರ್ಯನಿರ್ವಾಹಕೇತರ ನಿರ್ದೇಶಕರು. ಇವರಲ್ಲಿ ಪ್ರವರ್ತಕರ ಬಂಧುಗಳೂ ಸಾಲ ಕೊಟ್ಟ ಸಂಸ್ಥೆಯ ಪ್ರತಿನಿಧಿಗಳೂ ಇರಬಹುದು. ಪ್ರವರ್ತಕರ ನೆಂಟಸ್ತಿಕೆಯಾಗಲಿ ಕಂಪನಿಯೊಡನೆ ಗಣನೀಯ ಹಣಕಾಸಿನ ಸಂಬಂಧವಾಗಲಿ ಇಲ್ಲದವರಷ್ಟೇ ಸ್ವತಂತ್ರ ನಿರ್ದೇಶಕರು. ಸಣ್ಣ ಷೇರುದಾರರ ಹಿತ ಕಾಯುವುದು ಇವರ ಮುಖ್ಯ ಕರ್ತವ್ಯ.

ಹಿನ್ನೆಲೆ

ಬ್ರಿಟನ್ನಿನ ಕ್ಯಾಡ್‌ಬರಿ ಸಮಿತಿಯ ವರದಿ (1992) ಮಂಡಳಿಯಲ್ಲಿ ಇಂಥ ಸ್ವತಂತ್ರರು ಇರಬೇಕೆಂಬ ಚಿಂತನೆಗೆ ಬಲ ಕೊಟ್ಟಿತು. ಭಾರತದಲ್ಲಿ ಕುಮಾರಮಂಗಲಂ ಬಿರ್ಲಾ ಸಮಿತಿಯ ಶಿಫಾರಸಿನಂತೆ ಷೇರುಪೇಟೆ ನಿಯಂತ್ರಕ ಸೆಬಿ 2000ದಲ್ಲಿ ಲಿಸ್ಟಿಂಗ್ ಒಪ್ಪಂದಕ್ಕೆ ಸ್ವತಂತ್ರ ನಿರ್ದೇಶಕರನ್ನು ಕಡ್ಡಾಯಗೊಳಿಸುವ 49ನೇ ಕಲಮನ್ನು ಸೇರಿಸಿತು. ಇನ್ಫೊಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರ ಸಮಿತಿ 2003ರಲ್ಲಿ ಅದರ ಪರಿಷ್ಕರಣೆಗೆ ವರದಿ ನೀಡಿತು.

ಸತ್ಯಂ ಪ್ರಕರಣ

ಕಾಗದದ ಮೇಲಿನ ನಿಯಮ ಎಷ್ಟು ದುರ್ಬಲವೆಂಬುದು ಹೈದರಾಬಾದಿನ ಸತ್ಯಂ ಕಂಪನಿಯಲ್ಲಿ ಬಯಲಾಯಿತು. 2008ರ ಡಿಸೆಂಬರ್ 16ರಂದು ಅದರ ಮಂಡಳಿ, ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಸಭೆಯಲ್ಲಿ ಪ್ರಶ್ನೆಗಳೆದ್ದರೂ ನಿರ್ಣಯ ಅವಿರೋಧವಾಗಿಯೇ ಅಂಗೀಕಾರವಾಯಿತು. ಅದನ್ನು ತಡೆದದ್ದು ಹೂಡಿಕೆದಾರರ ಸಿಟ್ಟು; ಕೆಲವೇ ಗಂಟೆಗಳಲ್ಲಿ ಕಂಪನಿ ಹಿಂದೆ ಸರಿಯಿತು. ತಿಂಗಳು ಮುಗಿಯುವ ಮೊದಲೇ ನಾಲ್ವರು ಕಾರ್ಯನಿರ್ವಾಹಕೇತರ ನಿರ್ದೇಶಕರು ರಾಜೀನಾಮೆ ಕೊಟ್ಟರು. 2009ರ ಜನವರಿ 7ರ ಪತ್ರದಲ್ಲಿ ರಾಜು, ಲೆಕ್ಕದಲ್ಲಿ ತೋರಿಸಿದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆಡಳಿತವರ್ಗ ಮುಂದಿಟ್ಟ ಲೆಕ್ಕವನ್ನೇ ನಂಬಬೇಕಾದ ಸ್ಥಿತಿ ಸ್ವತಂತ್ರ ನಿರ್ದೇಶಕರ ಹುದ್ದೆಯ ಮೂಲ ದೌರ್ಬಲ್ಯವೆನ್ನಬಹುದು.

ಈಗಿನ ಕಾನೂನು

2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ, ಲಿಸ್ಟ್ ಆದ ಕಂಪನಿಯ ನಿರ್ದೇಶಕರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರರಿರಬೇಕು. ಒಂದು ಅವಧಿ ಗರಿಷ್ಠ ಐದು ವರ್ಷ. ಸತತ ಎರಡು ಅವಧಿಯ ಬಳಿಕ ಮೂರು ವರ್ಷ ಹೊರಗಿರಬೇಕು. ತಮ್ಮ ಗಮನಕ್ಕೆ ಬಂದೂ ಸುಮ್ಮನಿದ್ದ ಅಥವಾ ಎಚ್ಚರ ತಪ್ಪಿದ ವಿಷಯಗಳಿಗೆ ಅವರೂ ಹೊಣೆ. ಭಿನ್ನಮತ ಸೂಚಿಸಿದವರ ಹೆಸರು ನಡಾವಳಿಯಲ್ಲಿ ದಾಖಲಾಗಬೇಕೆಂಬ ನಿಯಮ (ಸೆಕ್ಷನ್ 118) ಚಿಕ್ಕದಾಗಿ ಕಂಡರೂ ಅವರ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಧನ. ಸಭೆಯಲ್ಲಿ ಆಡಿದ ಅನುಮಾನ ದಾಖಲೆಗೆ ಬರದಿದ್ದರೆ ಮುಂದೆ ಅದನ್ನು ಸಾಬೀತುಪಡಿಸುವುದು ಕಷ್ಟ.

ನೇಮಕದ ಪ್ರಶ್ನೆ

2022ರ ಜನವರಿಯಿಂದ ಲಿಸ್ಟ್ ಆದ ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರ ನೇಮಕಕ್ಕೂ ವಜಾಕ್ಕೂ ಸಾಮಾನ್ಯವಾಗಿ ವಿಶೇಷ ನಿರ್ಣಯ, ಅಂದರೆ ಚಲಾಯಿತ ಮತಗಳ ಮುಕ್ಕಾಲು ಪಾಲು, ಬೇಕು. ಆದರೆ ಪ್ರವರ್ತಕರೇ ಶೇ 75ರಷ್ಟು ಷೇರು ಹೊಂದಿರುವ ಕಂಪನಿಯಲ್ಲಿ ಈ ನಿಯಮದಿಂದ ಸಣ್ಣ ಷೇರುದಾರರಿಗೆ ಸಿಗುವ ರಕ್ಷಣೆ ಅತ್ಯಲ್ಪ.