ಯರವಡಾ ಜೈಲಿನಿಂದ ಯಾರು ಹೊರಗೆ ಬಂದರು?

ಜೈಲಿನಲ್ಲಿರುವ ಮಾಜಿ ನಾಯಕನಿಗೆ ಅಧ್ಯಕ್ಷರು ಕ್ಷಮಾದಾನ ಕೊಡ್ತಾರಾ? 2023ರ ಆಗಸ್ಟ್‌ನಲ್ಲಿ ಇಮ್ರಾನ್ ಖಾನ್ ಜೈಲು ಸೇರಿದ ಮೇಲೆ ಪಾಕಿಸ್ತಾನದಲ್ಲಿ ಈ ಪ್ರಶ್ನೆ ಎದ್ದಿತು. ಇನ್ನೊಂದು ದೇಶದಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಏಳುತ್ತದೆ. ನಾವು ಮೊದಲು ಸಂವಿಧಾನದ ಪುಟ ತಿರುವುತ್ತೇವೆ. ನಮ್ಮಲ್ಲಾದರೆ ರಾಷ್ಟ್ರಪತಿಗಳಿಗೆ 72ನೇ ವಿಧಿ, ರಾಜ್ಯಪಾಲರಿಗೆ 161ನೇ ವಿಧಿ. ಇಬ್ಬರೂ ನಡೆಯಬೇಕಾದದ್ದು ಸರ್ಕಾರದ ಸಲಹೆಯಂತೆ. ಕಾನೂನು ಅಲ್ಲಿಗೆ ಮುಗಿಯಿತು. ಕೈದಿಯ ಪರವಾಗಿ ಹೊರಗೆ ನಿಂತು ಕೇಳುವವರು ಯಾರು ಎಂಬ ಪ್ರಶ್ನೆ ಮಾತ್ರ ಮುಗಿಯುವುದಿಲ್ಲ.

ನೀವು ಪಿಂಪ್ರಿ-ಚಿಂಚವಾಡದಲ್ಲಿ ಇರುವವರಾದರೆ ಚಾಪೇಕರ್ ಚೌಕವನ್ನು ನೋಡಿರುತ್ತೀರಿ. ಕಲಬುರಗಿ, ಬೀದರ್, ಸೊಲ್ಲಾಪುರದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ನಮ್ಮವರು ದಿನಾ ಹಾದುಹೋಗುವ ಜಾಗ ಅದು. ಆ ಚಾಪೇಕರರು ಚಿಂಚವಾಡದ ಅಣ್ಣತಮ್ಮಂದಿರು. ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ 1897ರ ಜೂನ್ 22ರ ರಾತ್ರಿ ಗುಂಡು ಹಾರಿಸಿದವರು. ಪ್ಲೇಗ್ ಹೆಸರಿನಲ್ಲಿ ಸೈನಿಕರು ಮನೆಮನೆಗೆ ನುಗ್ಗಿದ್ದಕ್ಕೆ ಸೇಡು. ರ‍್ಯಾಂಡ್ ಸತ್ತ ಮೇಲೆ ಬಾಲಗಂಗಾಧರ ತಿಲಕರನ್ನು ಸರ್ಕಾರ ಬಂಧಿಸಿತು. ಆಗ ಅವರು ಬಾಂಬೆ ಶಾಸನಸಭೆಯ ಸದಸ್ಯರು. ಕೊಲೆಯ ಆರೋಪವಲ್ಲ, 'ಕೇಸರಿ' ಪತ್ರಿಕೆಯಲ್ಲಿ ಬಂದ ಬರಹಕ್ಕಾಗಿ ರಾಜದ್ರೋಹದ ಆರೋಪ.

ಆ ಬರಹದಲ್ಲಿ ಏನಿತ್ತು ಗೊತ್ತಾ? ಬಿಜಾಪುರದ ಸರದಾರ ಅಫ್ಜಲ್ ಖಾನನನ್ನು ಶಿವಾಜಿ ಕೊಂದದ್ದು ಪಾಪವಲ್ಲ ಎಂಬ ಸಮರ್ಥನೆ. ನಮ್ಮ ಸಮುದಾಯದವರಿಗೆ ತಿಲಕರ ಬಗ್ಗೆ ಅಷ್ಟೇನೂ ಒಲವಿಲ್ಲ, ಅದಕ್ಕೆ ಕಾರಣಗಳೂ ಇವೆ. ಆದರೆ ಮುಂದೆ ಆದದ್ದನ್ನು ಕೇಳಿ. ಹೈಕೋರ್ಟಿನಲ್ಲಿ ಪಾರ್ಸನ್ಸ್ ಮತ್ತು ರಾನಡೆ ಅವರ ಪೀಠ ಜಾಮೀನು ನಿರಾಕರಿಸಿತು. ರಾನಡೆ ಎಂದರೆ ಪುಣೆಯ ಮಹಾದೇವ ಗೋವಿಂದ ರಾನಡೆ, ಅದೇ ಊರಿನ ದೊಡ್ಡ ಮನುಷ್ಯ. ಕೆಲವೇ ದಿನಗಳ ನಂತರ, ಆಗಸ್ಟ್‌ನಲ್ಲಿ, ಜಾಮೀನು ಕೊಟ್ಟವರು ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್‌ಜಿ. 1887ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ, ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಮರು. ಅಫ್ಜಲ್ ಖಾನನ ಮಾತು ಇದ್ದ ಕೇಸು ಅಂತ ಅವರು ಕೈಯಾಡಿಸಿ ಕಳುಹಿಸಲಿಲ್ಲ. ಅಂದು ತಿಲಕರ ಪರ ವಾದಿಸಿದ ವಕೀಲ ದಿನ್‌ಶಾ ದಾವರ್. ಈ ಹೆಸರು ನೆನಪಿರಲಿ.

ವಿಚಾರಣೆಯಲ್ಲಿ ಒಂಬತ್ತು ಜ್ಯೂರಿಗಳು. ಆರು ಜನ ಯುರೋಪಿಯನ್ನರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ತಿಲಕರ ತೂಕ ಜೈಲಿನಲ್ಲಿ ತುಂಬಾ ಇಳಿಯಿತು. ಆಗ ಇಂಗ್ಲೆಂಡಿನಿಂದ ಮನವಿ ಹೊರಟಿತು. ಸಹಿ ಹಾಕಿದವರಲ್ಲಿ ಋಗ್ವೇದದ ವಿದ್ವಾಂಸ ಮ್ಯಾಕ್ಸ್ ಮುಲ್ಲರ್, ವಿಲಿಯಂ ಹಂಟರ್, ದಾದಾಭಾಯಿ ನವರೋಜಿ ಇದ್ದರು. ತಿಲಕರು ವೇದಕಾಲದ ಮೇಲೆ ಬರೆದ ಪುಸ್ತಕ ಮುಲ್ಲರ್‌ಗೆ ಪರಿಚಿತವಾಗಿತ್ತು. ರಾಜಕೀಯಕ್ಕಿಂತ ಹೆಚ್ಚಾಗಿ ಒಬ್ಬ ವಿದ್ವಾಂಸ ಇನ್ನೊಬ್ಬನಿಗಾಗಿ ಬೇಡಿಕೊಂಡ ಹಾಗೆ ಅದು. 1898ರ ಸೆಪ್ಟೆಂಬರ್‌ನಲ್ಲಿ, ಅವಧಿಗೆ ಸುಮಾರು ಆರು ತಿಂಗಳು ಮೊದಲೇ, ಬಿಡುಗಡೆಯಾಯಿತು.

ಬಿಡುಗಡೆ ಪುಕ್ಕಟೆಯಾಗಿ ಬರಲಿಲ್ಲ. ಸ್ವಾಗತ ಸಮಾರಂಭಗಳಿಗೆ ಹೋಗಬಾರದು, ಮಾತು-ಬರಹದಿಂದ ಸರ್ಕಾರದ ವಿರುದ್ಧ ಅಸಮಾಧಾನ ಕೆರಳಿಸಬಾರದು, ಮತ್ತೆ ರಾಜದ್ರೋಹದಲ್ಲಿ ಸಿಕ್ಕಿದರೆ ಮಾಫಿಯಾದ ತಿಂಗಳುಗಳನ್ನೂ ಅನುಭವಿಸಬೇಕು ಎಂಬ ಕರಾರು. ಕ್ಷಮೆ ಅಂತ ಕೊಟ್ಟದ್ದರ ಒಂದು ತುದಿ ಸರ್ಕಾರದ ಕೈಯಲ್ಲೇ ಇತ್ತು. 1908ರಲ್ಲಿ ಅವರು ಮತ್ತೆ ಸಿಕ್ಕಿಬಿದ್ದರು. ಈ ಸಲ ಜಾಮೀನಿಗಾಗಿ ವಾದಿಸಿದವರು ಮುಹಮ್ಮದ್ ಅಲಿ ಜಿನ್ನಾ. ನಿರಾಕರಿಸಿದ ನ್ಯಾಯಾಧೀಶರು ಯಾರು? ಅದೇ ದಾವರ್! ಆರು ವರ್ಷದ ಗಡೀಪಾರು, ಮಂಡಾಲೆಗೆ.

ಅತ್ತ ಚಿಂಚವಾಡದ ದಾಮೋದರ ಚಾಪೇಕರನಿಗೆ 1898ರ ಏಪ್ರಿಲ್ 18ರಂದು ಯರವಡಾದಲ್ಲಿ ಗಲ್ಲಾಯಿತು. ತಿಲಕರು ಕೊಟ್ಟ ಗೀತೆಯನ್ನು ಹಿಡಿದೇ ಹೋದನೆಂದು ಹೇಳುತ್ತಾರೆ. ಮರುವರ್ಷ ಅವನ ಇಬ್ಬರು ತಮ್ಮಂದಿರನ್ನೂ ಗಲ್ಲಿಗೇರಿಸಿದರು. ಕೊಲೆಯ ಕೇಸೂ ಬರಹದ ಕೇಸೂ ಒಂದೇ ಅಲ್ಲ, ಒಪ್ಪೋಣ. ಆದರೂ ಆಕ್ಸ್‌ಫರ್ಡಿನಿಂದ ಅವರಿಗಾಗಿ ಕಾಗದ ಬರೆಯುವವರು ಯಾರೂ ಇರಲಿಲ್ಲ.

ಇದೇ ಜೈಲಿನ ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು, ಆದರೆ ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರ ಸಿಡಿದೆದ್ದಿತು. ಗಾಂಧೀಜಿಯ ಬಂಧನದ ಸುದ್ದಿಗೆ ಗಿರಣಿ ಕಾರ್ಮಿಕರು ಬೀದಿಗಿಳಿದರು, ಗೋಲಿಬಾರ್ ಆಯಿತು, ಪೊಲೀಸರು ಸತ್ತರು, ಕೆಲವು ದಿನ ಊರಿನಲ್ಲಿ ಸರ್ಕಾರವೇ ಇರಲಿಲ್ಲ. ಆಮೇಲೆ ಮಾರ್ಷಲ್ ಲಾ. ಪೊಲೀಸರ ಕೊಲೆಯ ಆರೋಪದಲ್ಲಿ ನಾಲ್ವರಿಗೆ ಗಲ್ಲು ಶಿಕ್ಷೆ: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಮತ್ತು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಧನಶೆಟ್ಟಿ ಲಿಂಗಾಯತರು. ಕುರ್ಬಾನ್ ಹುಸೇನ್ ಇನ್ನೂ ಎಳೆ ವಯಸ್ಸಿನ ಕಾರ್ಮಿಕ ಮುಂದಾಳು, ಪತ್ರಿಕೆ ನಡೆಸಿದವರು. ಬರೆದದ್ದಕ್ಕಾಗಿ ಜೈಲು ಕಂಡ ತಿಲಕರ ಹಾಗೆ ಇವರೂ ಪತ್ರಕರ್ತರೇ.

ಈ ನಾಲ್ವರನ್ನು ಉಳಿಸುವ ಪ್ರಯತ್ನ ಫಲಿಸಲಿಲ್ಲ. 1931ರ ಜನವರಿ 12ರಂದು ಯರವಡಾದಲ್ಲೇ ಅವರನ್ನು ಗಲ್ಲಿಗೇರಿಸಿದರು. ಆ ದಿನ ಗಾಂಧೀಜಿಯೂ ಅದೇ ಜೈಲಿನ ಗೋಡೆಗಳ ಒಳಗಿದ್ದರು. ಹದಿನಾಲ್ಕು ದಿನ ಕಳೆದು, ಜನವರಿ 26ರಂದು, ವೈಸರಾಯ್ ಇರ್ವಿನ್ ಅವರನ್ನು ಯಾವ ಕರಾರೂ ಇಲ್ಲದೆ ಬಿಟ್ಟರು. ಮಾರ್ಚ್ 5ರ ಒಪ್ಪಂದದ ಮೇಲೆ ಹಿಂಸೆಯ ಆರೋಪವಿಲ್ಲದ ಸತ್ಯಾಗ್ರಹಿಗಳಿಗೆಲ್ಲ ಜೈಲಿನ ಬಾಗಿಲು ತೆರೆಯಿತು.